ಕಾಲೇಜಿನ ಬಾಗಿಲು ಯಾರಿಗೆ?

(ಗಿರಣಿ ಕೆಲಸಗಾರರ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮೊದಲ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಬಂದವರು ಇಲ್ಲಿದ್ದೀರಿ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದ ವ್ಯಾಪಾರಿಗಳೂ ಇದ್ದೀರಿ. ಕೂಲಿ, ಬೋನಸ್ಸಿನ ಮಾತು ಬಿಟ್ಟು ಕಾಲೇಜಿನ ಮಾತೇಕೆ ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾವು ಮೆಟ್ರಿಕ್ಕಿಗೇ ಓದು ನಿಲ್ಲಿಸಿದವರು. ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯಾಗಿ ಕಾಲಿಟ್ಟವರಲ್ಲ. ಆದರೆ ಕೆಲವು ವರ್ಷ ಮೇಷ್ಟರಾಗಿದ್ದೆವು. ನಮ್ಮ ಕೈಯಲ್ಲಿ ಅಕ್ಷರ ತಿದ್ದಿದ ಮಕ್ಕಳು ಆ ಬಾಗಿಲ ತನಕ ಹೋಗಿ ಹಿಂದಿರುಗಿದ್ದನ್ನು ಕಂಡಿದ್ದೇವೆ.

ಒಬ್ಬ ಹುಡುಗನ ಸಂಗತಿ ಹೇಳುತ್ತೇವೆ. ಕೂಲಿಯವರ ಮಗ. ಒಳ್ಳೆಯ ನಂಬರು ಪಡೆದು ಒಂದು ಕಾಲೇಜು ಸೇರಿದ. ಅಲ್ಲಿ ಸಮಾನತೆಯ ದಿನ ಆಚರಿಸುತ್ತಾರೆ, ಬನ್ನಿ ಎಂದು ನಮ್ಮನ್ನು ಕರೆದ. ಹೋದೆವು. ತಳಿರು ತೋರಣ, ನಾನಾ ಪ್ರಾಂತ್ಯದ ಉಡುಪು, ನಾನಾ ಭಾಷೆಯ ಹಾಡು, ತಿಂಡಿ ತೀರ್ಥ. ನಮ್ಮ ಹುಡುಗ ವೇದಿಕೆಯ ಮೇಲೆ ತಮಟೆ ಬಾರಿಸಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶಾಲು ಹೊದಿಸಿದರು. ಕೆಳಗಿಳಿದವನೇ ನಮ್ಮನ್ನು ನೋಟೀಸು ಬೋರ್ಡಿನ ಹತ್ತಿರ ಕರೆದುಕೊಂಡು ಹೋದ. ಊಟದ ಬಾಕಿ ಕಟ್ಟದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ವಿದ್ಯಾರ್ಥಿವೇತನ ಬಂದಿರಲಿಲ್ಲ. "ಮೇಷ್ಟ್ರೇ, ಇವತ್ತು ರಾತ್ರಿಯಿಂದ ನನಗೆ ಮೆಸ್ಸಿನಲ್ಲಿ ಊಟವಿಲ್ಲ" ಎಂದ. ತಾಳ್ಮೆ ತಂದುಕೊ ಎಂದು ಬುದ್ಧಿ ಹೇಳಿ ನಾವು ಬಸ್ಸು ಹತ್ತಿದೆವು. ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕೇಳಬೇಕಾಗಿತ್ತು, ಕೇಳಲಿಲ್ಲ. ಮುಂದಿನ ತಿಂಗಳು ಹುಡುಗ ಓದು ಬಿಟ್ಟು ಬಂದ. ಈಗ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ಅದರಲ್ಲಿ ನಮ್ಮ ತಪ್ಪಿನ ಪಾಲೂ ಇದೆ.

ಹಬ್ಬ ಮಾಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಆಯುಧಪೂಜೆಯ ದಿನ ಗಿರಣಿಯಲ್ಲಿ ಲಾಡು ಹಂಚಿದರೆ ನೀವೂ ತಿನ್ನುತ್ತೀರಿ, ನಾವೂ ತಿನ್ನುತ್ತೇವೆ. ಆದರೆ ಲಾಡು ತಿಂದೆವೆಂದು ಬೋನಸ್ಸಿನ ಲೆಕ್ಕ ಕೇಳುವುದನ್ನು ಬಿಡುತ್ತೇವೆಯೇ? ಕಾಲೇಜಿನಲ್ಲಿಯೂ ಅಷ್ಟೆ. ಎಲ್ಲರೂ ಒಂದೇ ಎಂದು ವೇದಿಕೆಯ ಮೇಲೆ ಹೇಳಿದವರನ್ನು ಸೀಟೆಷ್ಟು, ಹಾಸ್ಟೆಲೆಷ್ಟು, ಕಲಿಸುವವರಲ್ಲಿ ನಮ್ಮವರೆಷ್ಟು ಎಂದು ಕೇಳಲೇಬೇಕು.

ಹೀಗೆ ಕೇಳಿದವರು ಪ್ರಪಂಚದಲ್ಲಿ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜು ಎಂಬ ಸರ್ಕಾರಿ ಕಾಲೇಜಿತ್ತು. 1960ರಲ್ಲಿ ಆ ರಾಜ್ಯ ಒಂದು ಯೋಜನೆ ಮಾಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಮೂರನೆಯ ಒಂದು ಭಾಗದವರಿಗೆ ಮಾತ್ರ ಇಂಥ ಕಾಲೇಜಿನಲ್ಲಿ ಸ್ಥಳ. ನೋಡಲು ನಿಷ್ಪಕ್ಷಪಾತದ ನಿಯಮ. ಆದರೆ ಬಡ ಬೀದಿಯ ಕೆಟ್ಟ ಶಾಲೆಯಲ್ಲಿ ಓದಿದ ಕಪ್ಪು ಜನರ ಮಕ್ಕಳು ಅದರಿಂದ ಹೊರಗುಳಿದರು.

1968ರ ನವೆಂಬರ್ 1ರಂದು ಜಾರ್ಜ್ ಮರ್ರೆ ಎಂಬ ಕಪ್ಪು ಅಧ್ಯಾಪಕನನ್ನು ಅಮಾನತಿನಲ್ಲಿಟ್ಟರು. 6ನೆಯ ತಾರೀಖು ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಕಪ್ಪು ವಿದ್ಯಾರ್ಥಿಗಳ ಸಂಘದ 10 ಬೇಡಿಕೆ. ಮೆಕ್ಸಿಕೋ, ಚೀನಾ, ಜಪಾನ್, ಫಿಲಿಪ್ಪೀನ್ಸ್ ಮೂಲದ ವಿದ್ಯಾರ್ಥಿಗಳೂ ಸೇರಿದ್ದ ಒಕ್ಕೂಟದ 5 ಬೇಡಿಕೆ. ನಮ್ಮ ಮಕ್ಕಳನ್ನು ಸೇರಿಸಿಕೊಳ್ಳಿ, ನಮ್ಮ ಜನರ ಚರಿತ್ರೆಯನ್ನು ಕಲಿಸಿ, ಕಲಿಸಲು ನಮ್ಮವರನ್ನು ನೇಮಿಸಿ, ಇದು ಅವುಗಳ ಸಾರ. ಅಧ್ಯಕ್ಷನಾಗಿ ಬಂದ ಹಯಕಾವ ಡಿಸೆಂಬರ್ 2ರಂದು ಮುಷ್ಕರದವರ ವಾಹನವೇರಿ ಧ್ವನಿವರ್ಧಕದ ತಂತಿಯನ್ನು ತಾನೇ ಕಿತ್ತ. 1969ರ ಜನವರಿ 23ರಂದು ಒಂದೇ ದಿನ 400ಕ್ಕೂ ಮೇಲ್ಪಟ್ಟು ಜನರನ್ನು ಪೊಲೀಸರು ಹಿಡಿದರು. ಅದೇ ಜನವರಿಯಲ್ಲಿ ಅಧ್ಯಾಪಕರ ಯೂನಿಯನ್ನೂ ಮುಷ್ಕರಕ್ಕಿಳಿಯಿತು. ಈ ಮಾತನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮಾರ್ಚಿಯಲ್ಲಿ ಒಪ್ಪಂದವಾಯಿತು. ಸುಮಾರು ನಾಲ್ಕೂವರೆ ತಿಂಗಳ ಹೋರಾಟ. ಕೇಳಿದ್ದೆಲ್ಲ ದಕ್ಕಲಿಲ್ಲ, ಮರ್ರೆಗೆ ಕೆಲಸವೂ ಮರಳಲಿಲ್ಲ. ಆದರೆ ಕಪ್ಪು ಜನರ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗ ಬಂತು, 1969ರಲ್ಲೇ ಜನಾಂಗೀಯ ಅಧ್ಯಯನದ ಶಾಲೆ ತೆರೆಯಿತು. 2020ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದ ಎಲ್ಲ ಪದವಿ ವಿದ್ಯಾರ್ಥಿಗಳೂ ಆ ವಿಷಯವನ್ನು ಓದಲೇಬೇಕೆಂದು ರಾಜ್ಯ ಕಾನೂನು ಮಾಡಿತು.

ಇದೇ ವಿಶ್ವವಿದ್ಯಾನಿಲಯಕ್ಕೂ ನಮಗೂ ಒಂದು ನಂಟಿದೆ. ನಮ್ಮವರು ಸಮುದ್ರ ದಾಟುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆಗೆ ಜಾತಿಯನ್ನೂ ಕಟ್ಟಿಕೊಂಡು ಹೋದರು. ಅಲ್ಲಿನ ದಲಿತ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ವಿದ್ಯಾರ್ಥಿ ಸಂಘ ನಿರ್ಣಯ ಮಾಡಿತು, ಅಧ್ಯಾಪಕರ ಯೂನಿಯನ್ ಬೆಂಬಲಕ್ಕೆ ನಿಂತಿತು. 2022ರ ಜನವರಿಯಲ್ಲಿ ಅದರ 23 ಕಾಲೇಜುಗಳಿಗೂ ಅನ್ವಯಿಸುವಂತೆ ಭೇದಭಾವ ನಿಷೇಧದ ನಿಯಮದಲ್ಲಿ ಜಾತಿ ಎಂಬ ಪದ ಸೇರಿತು.

ಗಳಿಸಿದ್ದು ಶಾಶ್ವತವೆಂದು ಮಾತ್ರ ತಿಳಿಯಬೇಡಿ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಗಣಿಸಕೂಡದೆಂದು ತೀರ್ಪಿತ್ತಿತು. 2024ರ ಜನವರಿ 1ರಿಂದ ಟೆಕ್ಸಾಸ್ ರಾಜ್ಯ ತನ್ನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ವೈವಿಧ್ಯದ ಹೆಸರಿನ ಕಚೇರಿಗಳನ್ನೇ ನಿಷೇಧಿಸಿತು. ಮೇಲಿನವರು ಕೊಟ್ಟದ್ದನ್ನು ಮೇಲಿನವರೇ ಕಿತ್ತುಕೊಳ್ಳಬಲ್ಲರು. ಹೋರಾಡಿ ಪಡೆದದ್ದಕ್ಕೂ ಕಾವಲು ಬೇಕು.

ಇನ್ನು ನಮ್ಮ ಮನೆಯ ಮಾತು. ದೆಹಲಿಯ ದೊಡ್ಡ ವೈದ್ಯಕೀಯ ಸಂಸ್ಥೆ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳನ್ನು ಭೇದದಿಂದ ಕಾಣುತ್ತಾರೆಂದು ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. 2012ರಲ್ಲಿ ಯು.ಜಿ.ಸಿ. ನಿಯಮ ಮಾಡಿ, ಕಾಲೇಜುಗಳಲ್ಲಿ ಸಮಾನ ಅವಕಾಶ ಘಟಕವಿರಬೇಕು, ಭೇದಭಾವದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದಿತು. ಆಮೇಲೂ ಸಾವುಗಳು ನಿಲ್ಲಲಿಲ್ಲ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡ. ಹಲವು ತಿಂಗಳಿಂದ ಅವನ ಫೆಲೋಶಿಪ್ಪಿನ ಹಣ ಬಂದಿರಲಿಲ್ಲ, ಹಾಸ್ಟೆಲಿನಿಂದಲೂ ಹೊರಗೆ ಹಾಕಿದ್ದರು. 2019ರಲ್ಲಿ ಅವನ ತಾಯಿ, ಮುಂಬಯಿಯಲ್ಲಿ ತೀರಿಕೊಂಡ ವೈದ್ಯೆ ಪಾಯಲ್ ತಡ್ವಿಯ ತಾಯಿಯೊಡನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರೇ, ನಿಯಮ ಪುಸ್ತಕದಲ್ಲಿದ್ದರೆ ಸಾಲದು, ನಡೆಯಬೇಕು ಎಂದು ಕೇಳಬೇಕಾಯಿತು.

ಆದುದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ. ಒಂದು, ನಮ್ಮ ಪೇಟೆಯಿಂದ ಕಾಲೇಜಿಗೆ ಹೋಗುವ ಪ್ರತಿಯೊಬ್ಬ ಹುಡುಗ ಹುಡುಗಿಯ ಹೆಸರು ಸಂಘದ ಪುಸ್ತಕದಲ್ಲಿ ಬರೆಯೋಣ. ವಿದ್ಯಾರ್ಥಿವೇತನ ಯಾರಿಗೆ ಬಂತು, ಯಾರಿಗಿಲ್ಲ ಎಂದು ತಿಂಗಳಿಗೊಮ್ಮೆ ನೋಡೋಣ. ಎರಡು, ಆಯಾ ಕಾಲೇಜಿಗೆ ಹೋಗಿ ದೂರು ಕೇಳುವ ಅಧಿಕಾರಿ ಯಾರು, ಅವರ ಕೋಣೆ ಎಲ್ಲಿ ಎಂದು ಬರವಣಿಗೆಯಲ್ಲಿ ಕೇಳೋಣ. ಒಬ್ಬ ತಂದೆ ಹೋದರೆ ಜವಾನನೇ ವಾಪಸು ಕಳಿಸುತ್ತಾನೆ. ಇಪ್ಪತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ. ಮೂರು, ವೇತನ ತಡವಾದ ಮಕ್ಕಳ ಊಟಕ್ಕೆ ಒಂದು ಕೈಗಡ ನಿಧಿ. ಗಿರಣಿಯವರು ಸಂಬಳದ ದಿನ, ವ್ಯಾಪಾರಿಗಳು ಸಂತೆಯ ದಿನ ಕೈಲಾದಷ್ಟು ಹಾಕಲಿ. ಇದು ದಾನವಲ್ಲ. ವೇತನ ಬಂದಾಗ ಮಕ್ಕಳು ಹಿಂದಿರುಗಿಸುತ್ತಾರೆ, ಮುಂದಿನವರಿಗೆ ಆಗುತ್ತದೆ.

ಮುಂದಿನ ವರ್ಷವೂ ಕಾಲೇಜಿನಲ್ಲಿ ಸಮಾನತೆಯ ದಿನ ಬರುತ್ತದೆ. ನಮ್ಮ ಮಕ್ಕಳು ತಮಟೆ ಬಾರಿಸಲಿ, ನಾವೂ ಕೇಳೋಣ. ಆದರೆ ಬಾರಿಸಿದ ಹುಡುಗನಿಗೆ ಆ ರಾತ್ರಿಯ ಊಟವಾಯಿತೇ ಎಂದು ತಿಳಿದ ಮೇಲೆಯೇ ಬಸ್ಸು ಹತ್ತೋಣ.

ಸಂಘದ ಪುಸ್ತಕ ಇಲ್ಲಿ ಮೇಜಿನ ಮೇಲಿದೆ. ಹೆಸರು ಬರೆಸಿಯೇ ಹೋಗಿ.