ಮೋಡೆಮ್ ನಿಧಾನವಾದಾಗ

(ಯೂಲೆಸ್‌ನಲ್ಲಿ ನಡೆದ ಕೂಟದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಅಮೆರಿಕ ಆನ್‌ಲೈನ್ ಎಂದು ನಾವೆಲ್ಲ ಬಲ್ಲ ಎಓಎಲ್ ಸಂಸ್ಥೆಯು ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಆ ಸುದ್ದಿಯನ್ನು ಓದಿದ ನಮ್ಮ ಹಿರಿಯ ಸದಸ್ಯರೊಬ್ಬರು, "ನಮ್ಮ ಹಳೆಯ ಕಂಪ್ಯೂಟರ್ ಇನ್ನೂ ಗ್ಯಾರೇಜಿನಲ್ಲಿದೆ. ಅಣ್ಣನ ಪತ್ರಗಳೆಲ್ಲ ಅದರಲ್ಲಿವೆ. ಅಂದು ಅದು ಅಷ್ಟು ನಿಧಾನವಾಗಿದ್ದುದೇಕೆ? ಪತ್ರಗಳನ್ನು ಈಗ ಹೊರತೆಗೆಯುವುದು ಹೇಗೆ?" ಎಂದು ಕೇಳಿದರು. ಈ ಎರಡು ಪ್ರಶ್ನೆಗಳಿಗೆ ನನ್ನ ಅನುಭವದಿಂದಲೇ ಉತ್ತರಿಸಲು ಯತ್ನಿಸುತ್ತೇನೆ.

1998ರ ಚಳಿಗಾಲದಲ್ಲಿ ನಾವು ಇದೇ ಯೂಲೆಸ್‌ನ ಬಾಡಿಗೆ ಮನೆಯಲ್ಲಿದ್ದೆವು. ನಮ್ಮದು 486 ಕಂಪ್ಯೂಟರ್. ಅದಕ್ಕೆ ಹೊರಗಿನಿಂದ ಜೋಡಿಸಿದ 33.6 ಕಿಲೋಬಿಟ್‌ಗಳ ಮೋಡೆಮ್. ಊರಿನಲ್ಲಿ ತಂದೆಯವರಿಗೆ ಹೃದಯದ ಕಾಯಿಲೆ. ವೈದ್ಯರ ವರದಿಗಳನ್ನು ತಮ್ಮನು ಸ್ಕ್ಯಾನ್ ಮಾಡಿಸಿ ಇ-ಮೇಲ್‌ನಲ್ಲಿ ಕಳುಹಿಸುತ್ತಿದ್ದ. 300 ಕಿಲೋಬೈಟ್‌ಗಳ ಒಂದು ಚಿತ್ರ ಸುಮಾರು ಎರಡು ನಿಮಿಷಗಳಲ್ಲಿ ಬಂದಿಳಿಯಬೇಕು. ನಮಗೋ ಕಾಲು ಗಂಟೆಯಾದರೂ ಬರುತ್ತಿರಲಿಲ್ಲ. ನಡುವೆ ಸಂಪರ್ಕ ಕಡಿದುಹೋಗುತ್ತಿತ್ತು. ಮೋಡೆಮ್ ಕೆಟ್ಟಿದೆಯೆಂದು ಬಗೆದು ಹೊಸದೊಂದನ್ನು ಕೊಂಡೆ. ಹಣ ಹೋಯಿತು, ನಿಧಾನ ಹೋಗಲಿಲ್ಲ.

ಆಮೇಲೆ ಗೋಡೆಯಿಂದ ಕಂಪ್ಯೂಟರಿನವರೆಗೆ ಒಂದೊಂದಾಗಿ ಪರೀಕ್ಷಿಸಿದೆ. ಮೊದಲು ಫೋನನ್ನು ಎತ್ತಿ, ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಂತ ಮೇಲೆ ಕಿವಿಗೊಟ್ಟೆ. ಚರಚರ ಸದ್ದು! ಮಲಗುವ ಕೋಣೆಯ ಹಳೆಯ ಆನ್ಸರಿಂಗ್ ಮಷೀನನ್ನು ಗೋಡೆಯಿಂದ ಕಳಚಿದೊಡನೆ ಅದು ಅಡಗಿತು. ತಂತಿಯಲ್ಲಿ ಸದ್ದಿದ್ದರೆ ಮೋಡೆಮ್ ಕೆಟ್ಟ ಭಾಗವನ್ನು ಮತ್ತೆ ಮತ್ತೆ ತರಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ತನ್ನ ವೇಗವನ್ನೇ ಇಳಿಸಿಕೊಳ್ಳುತ್ತದೆ.

ಎರಡನೆಯ ದೋಷ ಸೀರಿಯಲ್ ಪೋರ್ಟಿನದು. ಅದರ ಹಳೆಯ ಚಿಪ್ ಒಮ್ಮೆಗೆ ಒಂದೇ ಬೈಟನ್ನು ಹಿಡಿದಿಡಬಲ್ಲದು. ಕಂಪ್ಯೂಟರ್ ಬೇರೆ ಕೆಲಸದಲ್ಲಿದ್ದಾಗ ಮುಂದಿನ ಬೈಟ್ ಬಂದರೆ ಹಿಂದಿನದು ನಷ್ಟವಾಗುತ್ತಿತ್ತು. 16 ಬೈಟ್‌ಗಳನ್ನು ಹಿಡಿಯುವ 16550 ಚಿಪ್ಪಿನ ಕಾರ್ಡನ್ನು ಹಾಕಿದ ಮೇಲೆ ಅದು ಸರಿಹೋಯಿತು. ಮೊದಲೇ ನೋಡಿದ್ದರೆ ಹೊಸ ಮೋಡೆಮ್ ಬೇಕಾಗುತ್ತಿರಲಿಲ್ಲ.

ಮೂರನೆಯದು ಕಾಲ್ ವೇಟಿಂಗ್. ಇನ್ನೊಂದು ಕರೆ ಬಂದ ಟಿಕ್ ಎಂಬ ಸದ್ದೇ ಸಂಪರ್ಕವನ್ನು ಕಡಿಯುತ್ತಿತ್ತು. ಡಯಲ್ ಮಾಡುವ ಸಂಖ್ಯೆಯ ಮುಂದೆ ನಕ್ಷತ್ರದ ಗುರುತನ್ನೂ 70 ಎಂಬ ಅಂಕಿಯನ್ನೂ ಸೇರಿಸಿದೆ. ಅಂದಿನಿಂದ ವರದಿಗಳು ಎರಡೇ ನಿಮಿಷಗಳಲ್ಲಿ ಬರತೊಡಗಿದವು. ನಾನು ಹಿಗ್ಗಿದೆ.

ಆದರೆ ಬಂಧುಗಳೇ, ಆ ಉಪಾಯದಿಂದ ಹೊರಗಿನವರಿಗೆ ನಮ್ಮ ಫೋನು ಸದಾ ಎಂಗೇಜ್ ಆಗಿಬಿಟ್ಟಿತು. ಒಂದು ರಾತ್ರಿ ತಂದೆಯವರನ್ನು ಆಸ್ಪತ್ರೆಗೆ ಸೇರಿಸಿ, ತಮ್ಮನು ಐಎಸ್‌ಡಿ ಬೂತಿನಲ್ಲಿ ಒಂದು ಗಂಟೆ ನಿಂತು ಪ್ರಯತ್ನಿಸಿದನಂತೆ. ಆ ಹೊತ್ತಿನಲ್ಲಿ ನಾನು ಹಿಂದಿನ ವಾರದ ವರದಿಯನ್ನು ಇಳಿಸಿಕೊಳ್ಳುತ್ತಿದ್ದೆ. ತಂದೆಯವರು ಚೇತರಿಸಿಕೊಂಡರು; ನನ್ನ ಅಳುಕು ಮಾತ್ರ ಉಳಿಯಿತು. ಅಂದಿನಿಂದ ರಾತ್ರಿ ಒಂಬತ್ತರಿಂದ ಹತ್ತರವರೆಗೆ, ಚಳಿಗಾಲದಲ್ಲಿ ಊರಿನ ಬೆಳಗಿನ ಎಂಟೂವರೆಯಿಂದ ಒಂಬತ್ತೂವರೆಗೆ ಸರಿಯಾಗಿ, ನಮ್ಮ ಮನೆಯಲ್ಲಿ ಮೋಡೆಮ್ ಮುಟ್ಟುವಂತಿರಲಿಲ್ಲ.

ಇನ್ನು ಹಳೆಯ ಪತ್ರಗಳ ಮಾತು. ಅವುಗಳಿಗಾಗಿ ಡಯಲ್ ಮಾಡಲು ಹೋಗಬೇಡಿ. ಇಂದು ಅನೇಕ ಮನೆಗಳ ಫೋನು ಧ್ವನಿಯನ್ನು ತುಂಡುತುಂಡಾಗಿ ಅಂತರಜಾಲದ ಮೂಲಕವೇ ಸಾಗಿಸುತ್ತದೆ. ಒಂದು ತುಂಡು ತಪ್ಪಿದರೆ ಮನುಷ್ಯನ ಕಿವಿ ಸಹಿಸೀತು, ಮೋಡೆಮ್ ಸಹಿಸದು. ಅಂದು ಕಂಪ್ಯೂಟರಿಗೆ ಇಳಿಸಿಕೊಂಡ ಪತ್ರಗಳು ಅದರ ಹಾರ್ಡ್ ಡಿಸ್ಕಿನಲ್ಲಿಯೇ ಇರುತ್ತವೆ. ಹಳೆಯ ಡಿಸ್ಕನ್ನು ಪದೇಪದೇ ಚಾಲೂ ಮಾಡಿ ಪರೀಕ್ಷಿಸಬೇಡಿ. ಅದನ್ನು ಹೊರತೆಗೆದು, ಅಡಾಪ್ಟರಿನ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಿ, ಮೊದಲು ಇಡೀ ಡಿಸ್ಕಿನ ಪ್ರತಿಯನ್ನು ಮಾಡಿಕೊಳ್ಳಿ. ಕನ್ನಡ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಅಳಿಸಬೇಡಿ. ಅವು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿರಬಹುದು. ಆ ಫಾಂಟನ್ನೂ ಜೊತೆಗೆ ಉಳಿಸಿಕೊಂಡರೆ ಓದಬಹುದು.

ಟೆಕ್ಸಾಸಿನ ಬೇಸಿಗೆಯಲ್ಲಿ ಗ್ಯಾರೇಜು ಒಲೆಯಂತೆ ಕಾಯುತ್ತದೆ. ಆದುದರಿಂದ ತಡಮಾಡದೆ ಆ ಪೆಟ್ಟಿಗೆಯನ್ನು ಒಳಗೆ ತನ್ನಿ. ನೆರವು ಬೇಕಾದವರು ಸಭೆಯ ನಂತರ ನನ್ನನ್ನು ಕಾಣಬಹುದು.