ನಕಾಬ್‌ಪೋಶ್ ವೀರ



ಮುಖವಾಡ ತೊಟ್ಟವನನ್ನು ಉರ್ದುವಿನಲ್ಲಿ ‘ನಕಾಬ್‌ಪೋಶ್’ ಎನ್ನುತ್ತೇವೆ. ಅಂಥವರಲ್ಲಿ ಜೋರೋನ ಹೆಸರು ನೀವು ಕೇಳಿರಬಹುದು. ಹಳೆಯ ಕ್ಯಾಲಿಫೋರ್ನಿಯಾದಲ್ಲಿ ಬಡವರ ಪರ ಕತ್ತಿ ಹಿಡಿದ ಈ ವೀರನನ್ನು 1919ರಲ್ಲಿ ಜಾನ್‌ಸ್ಟನ್ ಮೆಕ್‌ಕಲಿ ಕಥೆಯಲ್ಲಿ ಸೃಷ್ಟಿಸಿದರು. ಮರುವರ್ಷವೇ ಡಗ್ಲಸ್ ಫೇರ್‌ಬ್ಯಾಂಕ್ಸ್ ಅಭಿನಯದ ಮೂಕಿಚಿತ್ರ ಬಂತು. ನೂರು ವರ್ಷ ಕಳೆದರೂ ಅವನ ಆಕರ್ಷಣೆ ಕುಂದಿಲ್ಲ.

ಕತ್ತಿವರಸೆಯೇ ಅದಕ್ಕೆ ಕಾರಣವೆಂದು ನನಗೆ ಅನಿಸುವುದಿಲ್ಲ. ಹಗಲಿನಲ್ಲಿ ಅವನು ಡಾನ್ ಡಿಯಾಗೊ, ಕೈಲಾಗದ ಶ್ರೀಮಂತನೆಂದು ಎಲ್ಲರ ನಗೆಗೆ ಗುರಿಯಾದವನು. ನಗುವವರಿಗೆ ತಿಳಿಯದ ಗುಟ್ಟು ನೋಡುವ ನಮಗೆ ಗೊತ್ತು. ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುವ ಹುಡುಗನಿಗೆ ಆ ಗುಟ್ಟು ಎಷ್ಟು ಸಿಹಿಯಾಗಿರಬೇಡ! ಹುಡುಗಿಯರೂ ಕೇಳಿ: ನಮ್ಮ ದೇಶದಲ್ಲೇ 1935ರ ‘ಹಂಟರ್‌ವಾಲಿ’ ಚಿತ್ರದಲ್ಲಿ ಮುಖವಾಡ ತೊಟ್ಟು ದುಷ್ಟ ಮಂತ್ರಿಯನ್ನು ಎದುರಿಸಿದವಳು ಒಬ್ಬ ರಾಜಕುಮಾರಿ. ಪಾತ್ರ ಮಾಡಿದವರು ನಾದಿಯಾ.

ಶಿಕ್ಷಕನಾದ ನನಗೆ ಮಾತ್ರ 1998ರ ‘ದಿ ಮಾಸ್ಕ್ ಆಫ್ ಜೋರೋ’ ಹೆಚ್ಚು ಇಷ್ಟ. ಅದರಲ್ಲಿ ವಯಸ್ಸಾದ ಜೋರೋ (ಆಂಥನಿ ಹಾಪ್ಕಿನ್ಸ್) ಅಲೆಹಾಂಡ್ರೋ ಎಂಬ ಕಳ್ಳನನ್ನು ಶಿಷ್ಯನಾಗಿ ಆರಿಸಿಕೊಳ್ಳುತ್ತಾನೆ. ಕತ್ತಿ ಹಿಡಿಯುವುದನ್ನಷ್ಟೇ ಅಲ್ಲ, ಸಿಟ್ಟನ್ನು ಹಿಡಿತದಲ್ಲಿಡುವುದನ್ನೂ ಸಭ್ಯರ ನಡೆನುಡಿಯನ್ನೂ ಕಲಿಸುತ್ತಾನೆ. ಆ ಕರಿ ಮುಖವಾಡ, ಆ ಹೆಸರು ಕೊನೆಗೆ ದಕ್ಕುವುದು ಹಾಗೆ ಕಲಿತ ಕಳ್ಳನಿಗೇ.