ಗಾಜು ಕೊರೆಯುವ ಕೈ

ಮನೆಯಲ್ಲಿ ಮೀನು ಸಾಕುವವರಿಗೆ ತಪ್ಪದ ಕೆಲಸವೊಂದಿದೆ: ವಾರ ವಾರ ಬಕೆಟ್ಟು, ಪೈಪು ಹಿಡಿದು ತೊಟ್ಟಿಯ ನೀರು ಬದಲಿಸುವುದು. ಮೀನು ಹೊರಹಾಕುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅದರಲ್ಲಿ ಗಿಡಗಳು ಹೀರಿ ಉಳಿದದ್ದು ನೀರಿನೊಂದಿಗೇ ಹೊರಗೆ ಹೋಗಬೇಕು. ಈ ಕೆಲಸವನ್ನು ತೊಟ್ಟಿ ತಾನೇ ಮಾಡಿಕೊಳ್ಳುವಂತೆ ಮಾಡಲು ಬೇಕಾದದ್ದು ಗಾಜಿನಲ್ಲೊಂದು ತೂತು. ಅದನ್ನು ಕೊರೆಯುವ ಕಸುಬಿನ ಬಗ್ಗೆ ನನಗೆ ಬಹಳ ಗೌರವ.

ಕಸುಬುದಾರ ಮೊದಲು ಗಾಜಿನ ಜಾತಿ ನೋಡುತ್ತಾನೆ. ಟಫನ್ಡ್ ಗಾಜನ್ನು ಕೊರೆಯುವಂತಿಲ್ಲ. ಕಾಯಿಸಿ ಥಟ್ಟನೆ ತಣಿಸಿದ ಆ ಗಾಜಿನೊಳಗೆ ಬಿಗಿತ ಅಡಗಿರುತ್ತದೆ; ಡ್ರಿಲ್ಲಿನ ಬಿಟ್ ಒಳಗಿಳಿದರೆ ಇಡೀ ಹಾಳೆ ಪುಡಿಪುಡಿ. ಎಷ್ಟೋ ರೆಡಿಮೇಡ್ ತೊಟ್ಟಿಗಳ ತಳದ ಗಾಜು ಇಂಥದ್ದೇ. ಹಾಗಾಗಿ ಸಾದಾ ಗಾಜೆಂದು ಖಾತ್ರಿಯಾದ ಹಿಂಬದಿಯ ಹಾಳೆಯೇ ಮೇಲು. ಅಲ್ಲೂ ತೂತಿನಿಂದ ಗಾಜಿನ ಅಂಚಿನವರೆಗೆ ಕಡೇಪಕ್ಷ ತೂತಿನ ಅಗಲದಷ್ಟು ಜಾಗ ಉಳಿಯಬೇಕು.

ಇನ್ನು ಕೊರೆಯುವ ಹೊತ್ತು. ಬಳೆಯಂಥ ಬಿಟ್ಟಿನ ಬಾಯಿಗೆ ವಜ್ರದ ಪುಡಿ ಹಚ್ಚಿರುತ್ತದೆ. ಅದು ಗಾಜನ್ನು ಕತ್ತರಿಸುವುದಿಲ್ಲ, ತೇಯುತ್ತದೆ. ಅದಕ್ಕೇ ಒತ್ತಡ ಕೂಡದು. ಡ್ರಿಲ್ಲಿನ ಭಾರವೇ ಹೆಚ್ಚುಕಮ್ಮಿ ಸಾಕು. ತೊಟ್ಟಿಯನ್ನು ಮಲಗಿಸಿ, ಗುರುತಿನ ಸುತ್ತ ಪುಟ್ಟಿಯ ಕಟ್ಟೆ ಕಟ್ಟಿ ನೀರು ತುಂಬುತ್ತಾರೆ. ಬಿಟ್ಟನ್ನು ಓರೆಯಾಗಿ ಹಿಡಿದು ಮೊದಲು ಅರ್ಧಚಂದ್ರದ ಗೀರು ಮಾಡಿ, ಅದು ಕಚ್ಚಿಕೊಂಡ ಮೇಲೆ ನಿಧಾನವಾಗಿ ನೆಟ್ಟಗೆ ನಿಲ್ಲಿಸುತ್ತಾರೆ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆಗಾಗ ಬಿಟ್ಟನ್ನು ಎತ್ತಿ ಹೊಸ ನೀರು ಒಳಗೆ ಹೋಗಲು ಬಿಡುತ್ತಾರೆ. ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ ಸದ್ದು ಬದಲಾಗುತ್ತದೆ. ಪಳಗಿದ ಕೈ ಆಗಲೇ ಇನ್ನೂ ಹಗುರವಾಗುತ್ತದೆ, ಇಲ್ಲದಿದ್ದರೆ ಆಚೆ ಬದಿಯ ಅಂಚು ಚಕ್ಕೆ ಏಳುತ್ತದೆ. ಗುಂಡನೆಯ ಬಿಲ್ಲೆ ಕಳಚಿ, ಹಿಂದೆ ಅಂಟಿಸಿದ ಟೇಪಿನ ಮೇಲೆ ಕೂರುತ್ತದೆ. ಅವಸರದವರಿಗೆ ಒಲಿಯುವ ವಿದ್ಯೆಯಲ್ಲ ಇದು.

ಆ ತೂತಿಗೆ ರಬ್ಬರ್ ವಾಷರ್ ಸಮೇತ, ಪೈಪು ಜೋಡಿಸುವ ಟ್ಯಾಂಕ್ ಕನೆಕ್ಟರ್ ಕೂರಿಸಿ, ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಹೆಚ್ಚು ಬಿಗಿದರೆ ಗಾಜು ಬಿರುಕು ಬಿಡುತ್ತದೆ. ಮೇಲಿನಿಂದ ಸಣ್ಣ ಕೊಳವೆಯಲ್ಲಿ ಹೊಸ ನೀರು ತೊಟ್ಟಿಕ್ಕುತ್ತಿರಲಿ. 100 ಲೀಟರಿನ ತೊಟ್ಟಿಗೆ ದಿನಕ್ಕೆ 10 ಲೀಟರ್ ಅಂದರೆ ನಿಮಿಷಕ್ಕೆ ಏಳು ಮಿಲಿಲೀಟರ್ ಅಷ್ಟೇ. ನೀರು ತೂತಿನ ಮಟ್ಟಕ್ಕೆ ಏರಿದ ಮೇಲೆ ಒಳಗೆ ಬಂದಷ್ಟೇ ನೀರು ತೂತಿನಿಂದ ಹೊರಗೆ ಹೋಗುತ್ತದೆ, ಪಂಪಿನ ಹಂಗಿಲ್ಲ. ನೀರು ಥಟ್ಟನೆ ಬದಲಾಗದ್ದರಿಂದ ಮೀನಿಗೂ ಗಾಬರಿಯಿಲ್ಲ. ಬೆಂಗಳೂರಿನವರು ನಲ್ಲಿಯ ಕಾವೇರಿ ನೀರು ಬಳಸುವುದಾದರೆ ಕ್ಲೋರಿನ್ ತೆಗೆಯುವ ಕಾರ್ಬನ್ ಫಿಲ್ಟರ್ ನಡುವೆ ಇರಲೇಬೇಕು. ತೂತಿನ ಬಾಯಿಗೆ ಜಾಲರಿಯೂ ಬೇಕು, ಮರಿಮೀನು ಕೊಚ್ಚಿಹೋಗದಂತೆ.

ಮೀನು ಸಾಕುವ ಗೆಳೆಯರಲ್ಲಿ ಒಂದು ಕೋರಿಕೆ. ಹೊರಗೆ ಬರುವ ಆ ನೀರನ್ನು ಚರಂಡಿಗೆ ಬಿಡಬೇಡಿ. ಸಿಹಿನೀರಿನ ತೊಟ್ಟಿಯದಾದರೆ ಅದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಒಳ್ಳೆಯ ಗೊಬ್ಬರ. ಪೈಪಿನ ಇನ್ನೊಂದು ತುದಿಯನ್ನು ಕರಿಬೇವಿನ ಬುಡಕ್ಕೋ ದಾಸವಾಳದ ಪಾತಿಗೋ ಎಳೆದುಬಿಡಿ.